ಲಾಗ್‌ಬುಕ್ಕಿನ ಆ ಒಂದು ಪುಟ

2024ರ ಜನವರಿ 1ರಂದು ಬೆಳಿಗ್ಗೆ 9:10ಕ್ಕೆ ಪಿಎಸ್‌ಎಲ್‌ವಿ-ಸಿ58 ರಾಕೆಟ್ ಶ್ರೀಹರಿಕೋಟಾದಿಂದ ಮೇಲೆದ್ದಾಗಲೇ ಇದನ್ನು ಬರೆಯಬೇಕಿತ್ತು. ಎಕ್ಸ್‌ಪೋಸ್ಯಾಟ್ ಉಪಗ್ರಹ 650 ಕಿ.ಮೀ. ಎತ್ತರ ಸೇರಿದರೂ ನನಗೆ ಸಮಾಧಾನವಿರಲಿಲ್ಲ. ಅದರಲ್ಲಿರುವ ನಮ್ಮ ಎಕ್ಸ್‌-ರೇ ಉಪಕರಣ ಪೋಲಿಕ್ಸ್ ಕಣ್ಣು ಬಿಡಬೇಕು, ಏಡಿ ನೆಬ್ಯುಲಾ ಅನ್ನುವ ಅನಿಲದ ಮೋಡದೊಳಗೆ ಗಿರಗಿರ ಸುತ್ತುವ, ಸತ್ತ ನಕ್ಷತ್ರದ ಉಳಿಕೆಯಾದ ಪಲ್ಸಾರ್‌ನಿಂದ ಡೇಟಾ ಬರಬೇಕು, ಆಮೇಲೆ ಮಾತು ಅಂತ ಕೂತಿದ್ದೆ. ಅದೂ ಬಂತು. ಇನ್ನು ಬರೆಯಬಹುದು, ಅಲ್ವಾ?

ನಮ್ಮ ಟೀಮಿಗೆ, ಇದೇ ಉಪಗ್ರಹದ ಇನ್ನೊಂದು ಉಪಕರಣ ಎಕ್ಸ್‌ಸ್ಪೆಕ್ಟ್ ಕಟ್ಟಿದ ಯು. ಆರ್. ರಾವ್ ಉಪಗ್ರಹ ಕೇಂದ್ರದವರಿಗೆ, ರಾಕೆಟ್ಟಿನವರಿಗೆ, ಹೊತ್ತಲ್ಲದ ಹೊತ್ತಲ್ಲಿ ಟೀ ಕೊಟ್ಟ ಕ್ಯಾಂಟೀನಿನವರಿಗೆ, ನನ್ನನ್ನು ಸಹಿಸಿಕೊಂಡ ಹೆಂಡತಿಗೆ ಥ್ಯಾಂಕ್ಸ್. (ಅವಳಿಗೆ ಇಷ್ಟು ಸಾಲದು, ಉಳಿದದ್ದು ಮನೆಯಲ್ಲಿ ಹೇಳಿದ್ದೇನೆ.)

ಈ ಬರಹ ಮಾತ್ರ ವರ್ಕ್‌ಶಾಪಿನ ಅಣ್ಣನಿಗೆ. ಹೆಸರು ಹಾಕಬೇಡಿ ಸಾರ್ ಅಂದಿದ್ದಾರೆ. ಹಾಕುವುದಿಲ್ಲ.

ಹೊಸತರಲ್ಲಿ ಒಮ್ಮೆ ಲೇತ್ ಪಕ್ಕ ನಿಂತು ಕೇಳಿದ್ದರು, "ಇದರಲ್ಲಿ ಫೋಟೊ ಬರತ್ತಾ ಸಾರ್?" ಬರಲ್ಲ ಅಣ್ಣ ಅಂದೆ. ನಡುವೆ ಬೆರಿಲಿಯಂ ಬಿಲ್ಲೆ, ಸುತ್ತ ಅನಿಲ ತುಂಬಿದ ನಾಲ್ಕು ಡಿಟೆಕ್ಟರ್. ಬಿಲ್ಲೆಗೆ ಬಡಿದ ಎಕ್ಸ್‌-ರೇ ಯಾವ ಕಡೆಗೆ ಜಾಸ್ತಿ ಚೆದುರುತ್ತದೆ ಅಂತ ಎಣಿಸುವುದಷ್ಟೇ ನಮ್ಮ ಕೆಲಸ. ಸ್ವಲ್ಪ ಯೋಚಿಸಿ, "ಓ, ಕೇರಂ ಬೋರ್ಡು" ಅಂದರು. ಯಾವ ಸೆಮಿನಾರಿನಲ್ಲೂ ನಾನು ಅಷ್ಟು ಚೆನ್ನಾಗಿ ವಿವರಿಸಿಲ್ಲ.

ಆ ರಾತ್ರಿಯ ವಿಷಯ ಗೊತ್ತಿದ್ದವರಿಗೆ ಗೊತ್ತು. ಪರೀಕ್ಷೆ ನಡೆಯುತ್ತಿತ್ತು. ಅರ್ಧ ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು, ಪಾಳಿ ನನ್ನದು. ಹನ್ನೊಂದರ ಹೊತ್ತಿಗೆ ಆಸ್ಪತ್ರೆಯಿಂದ ತಂಗಿಯ ಫೋನ್. ಮುಗಿಸಿಕೊಂಡು ಬರ್ತೀನಿ ಅಂದೆ. ಹೌದು, ಹಾಗೇ ಅಂದೆ. ಅಣ್ಣ ಕೇಳಿಸಿಕೊಂಡರು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, "ಇದು ನಾಳೆನೂ ಇಲ್ಲೇ ಇರತ್ತೆ. ಹೋಗಿ" ಅಂದರು. ಮೇಖ್ರಿ ಸರ್ಕಲ್ ದಾಟಿದರೂ ನನ್ನ ತಲೆಯಲ್ಲಿ ರೀಡಿಂಗೇ ಓಡುತ್ತಿತ್ತು. ನೆನೆದರೆ ಈಗಲೂ ನಾಚಿಕೆ.

ಬೆಳಗಿನ ಜಾವದವರೆಗೆ ಅಮ್ಮನ ಕೈ ಹಿಡಿದು ಕೂತಿದ್ದೆ. ಒಮ್ಮೆ ಗುರುತು ಹಿಡಿದಳು. "ಊಟ ಆಯ್ತಾ?" ಅಂದಳು. ಅಷ್ಟೇ. ಅಣ್ಣ ಇಲ್ಲದಿದ್ದರೆ ಅಷ್ಟೂ ನನಗೆ ಸಿಗುತ್ತಿರಲಿಲ್ಲ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋಗಿ ಲಾಗ್‌ಬುಕ್ ತೆರೆದೆ. ೧೧-೩೦, ೧೨-೦೦, ೧೨-೩೦ ಅಂತ ಬೆಳಿಗ್ಗೆ ೬ರವರೆಗೆ ಒಂದು ಸಾಲೂ ತಪ್ಪಿರಲಿಲ್ಲ. ಸಮಯ, ರೀಡಿಂಗ್ ಎಲ್ಲವೂ ಕನ್ನಡ ಅಂಕಿಯಲ್ಲಿ. ಇದನ್ನು ನೀಟಾಗಿ ಬೇರೆ ಹಾಳೆಗೆ ಇಳಿಸೋಣ ಅಂದರು ಯಾರೋ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಇಂಗ್ಲಿಷ್ ಅಂಕಿ ಬರೆದುಕೊಟ್ಟೆ. ಪುಟ ಮುಟ್ಟಲು ಬಿಡಲಿಲ್ಲ.

ಅಣ್ಣ ಈಗ ರಿಟೈರ್ ಆಗಿ ಮತ್ತಿಕೆರೆಯ ಮನೆಯಲ್ಲಿದ್ದಾರೆ. ಡೇಟಾ ಬಂದ ದಿನ ಫೋನ್ ಮಾಡಿದೆ.

"ಕಾಯಿ ಬಿತ್ತಾ ಸಾರ್?"

"ಬೀಳ್ತಾ ಇದೆ ಅಣ್ಣ. ಎಣಿಸ್ತಾ ಇದ್ದೀವಿ."