‘ಇನ್ನೂ ಬೇಡ’ ಅಂದ ಟೀಚರಿಗೆ

ಭರತನಾಟ್ಯದ ಕೊನೆಯ ಹಂತದ ಪರೀಕ್ಷೆ ವಿದ್ವತ್ ಅಂತಿಮ ಮುಗಿಸಿದ ನಮ್ಮ ಕ್ಲಾಸಿನ ಮೂವರು ಮಕ್ಕಳ ರಂಗಪ್ರವೇಶ, ಅಂದರೆ ಮೊದಲ ಪೂರ್ಣ ಪ್ರದರ್ಶನ, ಮೊನ್ನೆ ಉಡುಪಿಯಲ್ಲಿ ಚೆಂದವಾಗಿ ಕಳೆಯಿತು. ಬಂದವರಿಗೆ, ಹಿಮ್ಮೇಳದವರಿಗೆ, ಮೇಕಪ್ಪಿನವರಿಗೆ ವೇದಿಕೆಯಲ್ಲೇ ವಂದನೆ ಹೇಳಿಯಾಗಿದೆ. ಟೀಚರಿಗೆ ಶಾಲು, ಹಣ್ಣಿನ ತಟ್ಟೆ ಕೊಟ್ಟು ಮುಗಿಸಿದ್ದೇವೆ, ಅದು ಸಾಲದು. ಇಷ್ಟು ವರ್ಷ ಅವರು ಮಕ್ಕಳಿಗೂ ಪಾಲಕರಾದ ನಮಗೂ ‘ಇನ್ನೂ ಬೇಡ’ ಅನ್ನುತ್ತಾ ಬಂದರಲ್ಲ, ಈ ಬರಹ ಅದಕ್ಕೆ.

ಮೊದಲ ‘ಬೇಡ’ ಅರೆಮಂಡಿಯದ್ದು, ಅಂದರೆ ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ನಿಲುವಿನದ್ದು. ಹೊಸ ಮಗುವಿನ ಭುಜ ಒತ್ತಿ ಕೆಳಗೆ ಕೂರಿಸುವ ಕ್ರಮ ಕೆಲವು ಕಡೆ ಉಂಟು. ಟೀಚರ್ ಅದಕ್ಕೆ ಕೈ ಹಾಕಿದವರಲ್ಲ. ಕಾಲು ತೆರೆಯಬೇಕಾದದ್ದು ಸೊಂಟದ ಕೀಲಿನಿಂದ. ಬರೀ ಪಾದವನ್ನು ಅಗಲಿಸಿ ಕೂತರೆ ಮಂಡಿ ಒಳಕ್ಕೆ ವಾಲುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ, ಆಮೇಲೆ ಮಂಡಿಯ ಒಳಬದಿ ನೋಯಲು ಶುರು. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ ಬರುವಷ್ಟೇ ಪಾದ ತೆರೆಯಬೇಕು ಅನ್ನುವುದು ಅವರ ಲೆಕ್ಕ. ಬೆನ್ನು ಗೋಡೆಗೆ ತಾಗಿಸಿ 4 ಎಣಿಕೆಗೆ ಇಳಿ, 8 ಎಣಿಕೆ ನಿಲ್ಲು, 4ಕ್ಕೆ ಏಳು. ಹೀಗೆ 10 ಸಲ. ನಡು ಬಳುಕಿ ಗೋಡೆ ಬಿಟ್ಟಿತೋ, ಆ ಮಗುವಿಗೆ ಅಷ್ಟು ಇಳಿಯುವುದು ಈಗ ಜಾಸ್ತಿ.

ಎರಡನೆಯದು ಮೂರನೇ ಕಾಲ, ಅಂದರೆ ಮೂರನೇ ವೇಗ. ಪಾದ ತಟ್ಟುವ ಮೊದಲ ಪಾಠವಾದ ತಟ್ಟಡವು ಒಂದನೇ ಕಾಲದಲ್ಲಿ ಬಂದ ಕೂಡಲೇ ಮಕ್ಕಳಿಗೆ ಓಡುವ ಆಸೆ, ನಮಗೆ ವಿಡಿಯೋ ಮಾಡುವ ಆಸೆ. ಮೂರನೆಯದರಲ್ಲಿ ವೇಗ ಒಂದನೆಯದರ ನಾಲ್ಕು ಪಟ್ಟು. ಅಲ್ಲಿ ಪಾದ ಹಿಂದಕ್ಕೆ ಪೂರ್ತಿ ಏಳುವುದಿಲ್ಲ, ಮೊಣಕೈ ಇಳಿಯುತ್ತದೆ, ಗೊತ್ತಾಗದ ಹಾಗೆ ಅರೆಮಂಡಿಯೂ ಎರಡು ಇಂಚು ಮೇಲೆ ಬಂದಿರುತ್ತದೆ. ಟೀಚರ ಪರೀಕ್ಷೆ ಸರಳ: ಮೂರನೇ ಕಾಲ ಮಾಡಿಸಿ, ನಿಲ್ಲಿಸದೆ ಒಂದನೇ ಕಾಲಕ್ಕೆ ತರುವುದು. ತಲೆಯ ಎತ್ತರ ತಗ್ಗಿದರೆ ವೇಗದಲ್ಲಿ ಕಳ್ಳತನ ಆಗಿದೆ ಅಂತ ಅರ್ಥ. ಯಕ್ಷಗಾನದ ಹೆಜ್ಜೆ ಕಲಿತು ಬಂದವರ ಲಯ ಗಟ್ಟಿ, ಆದರೆ ಮೈ ಪುಟಿಯುತ್ತದೆ. ಅವರನ್ನು ಯಕ್ಷಗಾನ ಬಿಡಿ ಅನ್ನಲಿಲ್ಲ, ಈ ಪರೀಕ್ಷೆಯನ್ನೇ ಹೆಚ್ಚು ಸಲ ಮಾಡಿಸಿದರು.

ಗೆಜ್ಜೆಯೂ ತಡವೇ. ಬರಿಗಾಲಿನ ಸದ್ದು ಕೇಳಬೇಕಲ್ಲ. ಪೂರ್ತಿ ಪಾದ ಬಿದ್ದರೆ ಒಂದೇ ಸದ್ದು, ಹಿಮ್ಮಡಿ ಮೊದಲು ಬಿದ್ದರೆ ಎರಡು. ಗೆಜ್ಜೆ ಕಟ್ಟಿದರೆ ಎರಡೂ ಮುಚ್ಚಿಹೋಗುತ್ತದೆ. ಕಾಂಕ್ರೀಟಿನ ಮೇಲಿನ ಟೈಲ್ಸ್‌ನಲ್ಲಿ ಕುಣಿಸುವುದಕ್ಕೂ ಒಪ್ಪಲಿಲ್ಲ, ಏಟೆಲ್ಲ ಮೊಣಕಾಲಿನ ಕೆಳಗಿನ ಎಲುಬಿಗೆ ಹೋಗುತ್ತದೆಂದು. ರಬ್ಬರ್ ಹಾಸಿ ಅದರ ಮೇಲೆ ಪ್ಲೈವುಡ್ ಹಾಕಿಸಿದೆವು. ನಮ್ಮ ಮಳೆಗಾಲಕ್ಕೆ ಮರ ಉಬ್ಬುತ್ತದೆ, ಗೋಡೆಯ ಸುತ್ತ ಅರ್ಧ ಇಂಚು ಜಾಗ ಬಿಡಲೇಬೇಕು. ಗೆಜ್ಜೆಯ ಚರ್ಮದ ಪಟ್ಟಿಗೂ ಆಟಿ ತಿಂಗಳ ಮಳೆಯಲ್ಲಿ ಬೂಸ್ಟು. ಒರೆಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ.

ಟೀಚರ್ ಭರತನಾಟ್ಯದ ಪಂದನಲ್ಲೂರು ಬಾನಿಯವರು, ಅಂದರೆ ಆ ಶೈಲಿಯವರು. ವಿದ್ವತ್ ಆದ ಮೇಲೆ ನಟ್ಟುವಾಂಗವನ್ನು, ಅಂದರೆ ತಾಳ ಹಾಕುತ್ತಾ ನೃತ್ಯ ನಡೆಸುವುದನ್ನು, ಬೇರೆಯೇ ವಿದ್ಯೆಯಾಗಿ ಕಲಿತರು. ಕೈಯಲ್ಲಿ ಒಂದು ಕಂಚಿನ, ಒಂದು ಉಕ್ಕಿನ ತಾಳ, ಬಾಯಲ್ಲಿ ಜತಿಯ ಸೊಲ್ಲು, ಕಣ್ಣು ಮೂರು ಜೊತೆ ಕಾಲಿನ ಮೇಲೆ. ಕಾರ್ಯಕ್ರಮದ ಅತಿ ಉದ್ದದ ನೃತ್ಯವಾದ ವರ್ಣದ ಹೊತ್ತಿಗೆ ಮಕ್ಕಳು ದಣಿದು ಮುಂದಕ್ಕೆ ಓಡುತ್ತಾರೆ. ಅವರ ಹಿಂದೆ ತಾಳವೂ ಓಡಿದರೆ ಮೃದಂಗದವರು ಎಲ್ಲಿಗೆ ಹೋಗಬೇಕು? ಅವತ್ತು ತಾಳ ಕದಲಲಿಲ್ಲ, ಮಕ್ಕಳೇ ಹಿಂದೆ ಬಂದರು.

ದೇವರನಾಮದಲ್ಲಿ ಒಬ್ಬಳು ಅಭ್ಯಾಸಬಲದಿಂದ ಕೊಳಲು ಹಿಡಿದಾಗ, ‘ನಮ್ಮ ಮಠದ ಕೃಷ್ಣನ ಕೈಯಲ್ಲಿ ಏನುಂಟು, ನೋಡಿ ಬಾ’ ಎಂದು ಕಳಿಸಿದ್ದರು. ಬಲಗೈಯಲ್ಲಿ ಕಡಗೋಲು, ಎಡಗೈಯಲ್ಲಿ ಹಗ್ಗ. ಮರುದಿನ ಆ ಸಂಚಾರಿಯೇ, ಅಂದರೆ ಸಾಲನ್ನು ವಿಸ್ತರಿಸುವ ಅಭಿನಯವೇ, ಬದಲಾಯಿತು.

ಕೊನೆಯ ‘ಬೇಡ’ ಶಂಕರಪುರ ಮಲ್ಲಿಗೆಗೆ. ಉಡುಪಿಯಲ್ಲಿ ಹಾಗೆ ಹೇಳಲು ಧೈರ್ಯ ಬೇಕು! ಬಾಳೆನಾರಿನಲ್ಲಿ ಕಟ್ಟಿದ ಮೆತ್ತಗಿನ ಮೊಗ್ಗು, ಸುತ್ತು ಹಾಕುವಾಗ ಉದುರಿ ಪಾದದಡಿ ಸಿಕ್ಕಿದರೆ ಜಾರುತ್ತದೆ. ಮಕ್ಕಳ ಜಡೆಗೆ ಬಟ್ಟೆಯ ಹೂವೇ. ನಾವು ತಂದಿದ್ದ ಒಂದು ಅಟ್ಟೆಯಲ್ಲಿ, ಅಂದರೆ 4 ಚೆಂಡಿನಲ್ಲಿ, ಮೂರು ನಟರಾಜನಿಗೆ ಹೋಯಿತು. ಉಳಿದದ್ದನ್ನು ಟೀಚರಿಗೆ ಮುಡಿಸಿದೆವು. ಅವರು ಕೂತಲ್ಲೇ ಇರುವವರಲ್ಲವಾ, ಅದಕ್ಕೆ ಮಾತ್ರ ಬೇಡ ಅನ್ನಲಿಲ್ಲ.