ಲದ್ದಿ ನೋಡದೆ ಜಂತಿನ ಔಷಧಿ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಪ್ರಾಣಿಗಳ ಆರೈಕೆ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಕುದುರೆ ವಿಷಯ ಬಂದಾಗಲೆಲ್ಲ ಒಂದು ಸಾಲು ಇದ್ದೇ ಇರುತ್ತದೆ: ಎರಡು ಮೂರು ತಿಂಗಳಿಗೊಮ್ಮೆ ಎಲ್ಲ ಕುದುರೆಗೂ ಜಂತುಹುಳುವಿನ ಔಷಧಿ ಹಾಕಿ. ಈ ಸಾಲನ್ನು ಇನ್ನು ಮುಂದೆ ದಯವಿಟ್ಟು ಹೀಗೇ ಅಚ್ಚು ಹಾಕಬೇಡಿ ಅಂತ ಕೇಳಿಕೊಳ್ಳಲು ಈ ಪತ್ರ. ನಾನು ಕುದುರೆಗಳ ಜೊತೆಗೇ ಬದುಕುವವನು. ಈ ಒಂದು ಸಲಹೆಯಿಂದ ಆಗುತ್ತಿರುವ ಹಾನಿ ಸಣ್ಣದಲ್ಲ.

ಮೊದಲಿಗೆ ಈ ಸಲಹೆ ಎಲ್ಲಿಂದ ಬಂತು ಅಂತ ಹೇಳಬೇಕು. 1960ರ ದಶಕದಲ್ಲಿ ಕುದುರೆಗಳನ್ನು ಜಾಸ್ತಿ ಕೊಲ್ಲುತ್ತಿದ್ದದ್ದು ಸ್ಟ್ರಾಂಜೈಲಸ್ ವಲ್ಗ್ಯಾರಿಸ್ ಅನ್ನುವ ದೊಡ್ಡ ಜಾತಿಯ ಹುಳು. ಅದರ ಮರಿಗಳು ಕರುಳಿಗೆ ರಕ್ತ ಒಯ್ಯುವ ನಾಳದ ಒಳಗೆ ಸೇರಿಕೊಳ್ಳುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮುಂದೆ ಹೋಗಿ ಸಿಕ್ಕಿಕೊಂಡರೆ ಕರುಳಿನ ಒಂದು ಭಾಗವೇ ಸಾಯುತ್ತದೆ, ಕುದುರೆ ಹೊಟ್ಟೆನೋವಿನಿಂದ ಒದ್ದಾಡಿ ಸಾಯುತ್ತದೆ. ಎರಡು ತಿಂಗಳಿಗೊಮ್ಮೆ ಔಷಧಿ ಅನ್ನುವ ಕ್ರಮ ಹುಟ್ಟಿದ್ದು ಈ ಹುಳುವನ್ನು ಹಿಡಿತಕ್ಕೆ ತರಲು. ಆಗ ಅದು ಸರಿಯಾದ ಮಾತೇ. 1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂದ ಮೇಲಂತೂ, ತಪ್ಪದೆ ಔಷಧಿ ಹಾಕಿದ ಕಡೆಯೆಲ್ಲ ಈ ದೊಡ್ಡ ಹುಳು ಅಪರೂಪವಾಯಿತು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ ಬಂದ ಔಷಧಿ ಅದು. ಆ ಕೆಲಸಕ್ಕೆ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅಂಥ ಔಷಧಿಯನ್ನು ನಾವು ಸುಮ್ನೆ ಸವೆಸುತ್ತಿದ್ದೇವೆ.

ಯಾಕೆಂದರೆ ಈಗಿನ ಹುಳು ಬೇರೆ. ಈಗ ಹುಲ್ಲು ಮೇಯುವ ಹೆಚ್ಚುಕಡಿಮೆ ಎಲ್ಲ ಕುದುರೆಯ ಹೊಟ್ಟೆಯಲ್ಲೂ ಇರುವುದು ಸಣ್ಣ ಸ್ಟ್ರಾಂಜೈಲ್‌ಗಳು, ಅಂದರೆ ಆ ದೊಡ್ಡ ಹುಳುವಿನ ಸಣ್ಣ ನೆಂಟರು. ಇವು ಸ್ವಲ್ಪ ಇದ್ದರೆ ಬೆಳೆದ ಕುದುರೆಗೆ ಏನೂ ಆಗುವುದಿಲ್ಲ. ಆದರೆ ಔಷಧಿಗೆ ಬಗ್ಗದಂತಾಗುವುದರಲ್ಲಿ ಇವು ಬಹಳ ಮುಂದು. ಫೆನ್‌ಬೆಂಡಜೋಲ್ ಅನ್ನುವ ಜಂತಿನ ಔಷಧಿ ಇವುಗಳ ಮೇಲೆ ಜಗತ್ತಿನ ಬಹುಪಾಲು ಕಡೆ ಕೆಲಸ ಮಾಡುತ್ತಿಲ್ಲ. ಪೈರಾಂಟೆಲ್ ಅನ್ನುವ ಇನ್ನೊಂದು ಔಷಧಿ ಕೂಡ ಹಲವು ಕಡೆ ಸೋತಿದೆ. ಕುದುರೆ ಮರಿಗಳ ಹೊಟ್ಟೆಯಲ್ಲಿ ಬೆಳೆಯುವ ದುಂಡುಹುಳು ಐವರ್‌ಮೆಕ್ಟಿನ್‌ಗೇ ಬಗ್ಗುವುದಿಲ್ಲ ಅನ್ನುವ ಮೊದಲ ವರದಿ 2002ರಲ್ಲಿ ನೆದರ್ಲೆಂಡ್ಸ್‌ನಿಂದ ಬಂತು. ಆಮೇಲೆ ಬೇರೆ ದೇಶಗಳಿಂದಲೂ ಬಂತು. ಇವುಗಳನ್ನು ಕೊಲ್ಲುವ ಹೊಸ ಬಗೆಯ ಔಷಧಿ ಮಾತ್ರ ಐವರ್‌ಮೆಕ್ಟಿನ್ ಆದ ಮೇಲೆ ಕುದುರೆಗೆ ಬಂದಿಲ್ಲ. ಇರುವುದನ್ನು ಕಳೆದುಕೊಂಡರೆ ನಾಳೆ ನಿಜವಾಗಿ ಜಂತಿನಿಂದ ಸಾಯುತ್ತಿರುವ ಕುದುರೆಗೆ ಏನು ಹಾಕುವುದು?

ಔಷಧಿ ಹಾಕಿದಾಗಲೆಲ್ಲ ಬಗ್ಗುವ ಹುಳು ಸಾಯುತ್ತದೆ, ಬಗ್ಗದ ಹುಳು ಉಳಿದು ಮೊಟ್ಟೆ ಇಡುತ್ತದೆ. ಎಲ್ಲ ಕುದುರೆಗೂ ಒಂದೇ ದಿನ ಹಾಕಿದರೆ ಹುಲ್ಲಿನ ಮೇಲೆ ಬೀಳುವುದೆಲ್ಲ ಆ ಗಟ್ಟಿ ಹುಳುಗಳ ಸಂತಾನವೇ. ಔಷಧಿ ಬೀಳದ ಕುದುರೆಯ ಲದ್ದಿಯಲ್ಲಿ ಹೊರಬರುವ ಮಾಮೂಲಿ ಹುಳುಗಳು ಇದ್ದರೆ ಮಾತ್ರ ಗಟ್ಟಿ ಹುಳುಗಳ ಪಾಲು ಕಡಿಮೆ ಇರುತ್ತದೆ. ಕೆಲವು ಕುದುರೆಗೆ ಔಷಧಿ ಹಾಕದೆ ಬಿಡಿ ಅನ್ನುವುದು ಸೋಮಾರಿತನದ ಮಾತಲ್ಲ, ಇದಕ್ಕೇ.

ಯಾವುದನ್ನು ಬಿಡುವುದು? ಅದಕ್ಕೇ ಲದ್ದಿ ಪರೀಕ್ಷೆ. ಹೊಸದಾಗಿ ಬಿದ್ದ ಲದ್ದಿಯನ್ನು ಒಂದು ಮುಷ್ಟಿ ತೆಗೆದು, ಗಾಳಿ ಹೋಗದ ಹಾಗೆ ಚೀಲದಲ್ಲಿ ಕಟ್ಟಿ, ಕುದುರೆಯ ಹೆಸರು ಬರೆದು, ತಂಪಿನಲ್ಲಿಟ್ಟು ಬೇಗ ಕೊಟ್ಟರೆ ಸಾಕು. ಪರೀಕ್ಷೆ ಮಾಡುವವರು ಅದರಲ್ಲಿ 4 ಗ್ರಾಂ ತೂಗಿ, ಉಪ್ಪು ಅಥವಾ ಸಕ್ಕರೆಯ ಗಟ್ಟಿ ದ್ರಾವಣದಲ್ಲಿ ಕಲಸಿ ಸೋಸುತ್ತಾರೆ. ಮೊಟ್ಟೆಗಳು ಹಗುರವಾದ್ದರಿಂದ ಮೇಲೆ ತೇಲುತ್ತವೆ. ಗೆರೆ ಹಾಕಿದ ಗಾಜಿನಲ್ಲಿ ತುಂಬಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸ್ಟ್ರಾಂಜೈಲ್ ಮೊಟ್ಟೆ ಉದ್ದುದ್ದ ದುಂಡಗೆ, ತೆಳು ಸಿಪ್ಪೆಯ ಒಳಗೆ ದ್ರಾಕ್ಷಿ ಗೊಂಚಲಿಟ್ಟ ಹಾಗೆ ಕಾಣುತ್ತದೆ. ದುಂಡುಹುಳುವಿನ ಮೊಟ್ಟೆ ಗುಂಡಗೆ, ಕಂದು ಬಣ್ಣ, ಸಿಪ್ಪೆ ದಪ್ಪ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೆಳೆದ ಕುದುರೆಗಳಲ್ಲಿ ಗ್ರಾಂಗೆ 200ಕ್ಕಿಂತ ಕಡಿಮೆ ಸ್ಟ್ರಾಂಜೈಲ್ ಮೊಟ್ಟೆ ಇದ್ದರೆ ಕಡಿಮೆ ಅಂತಲೂ, 500 ದಾಟಿದರೆ ಜಾಸ್ತಿ ಅಂತಲೂ ಸಾಮಾನ್ಯವಾಗಿ ಲೆಕ್ಕ. ಒಂದು ಹಿಂಡಿನಲ್ಲಿ ನೂರಕ್ಕೆ 20ರಷ್ಟು ಕುದುರೆಗಳೇ ಸುಮಾರು 80ರಷ್ಟು ಮೊಟ್ಟೆಗಳನ್ನು ಉದುರಿಸುತ್ತವೆ. ನುಣುಪಾಗಿ ಹೊಳೆಯುವ ಕುದುರೆಯೇ ಸಾವಿರ ಮೊಟ್ಟೆ ಹಾಕುತ್ತಿರಬಹುದು, ಬಡಕಲು ಮುದಿ ಕುದುರೆಯಲ್ಲಿ ಒಂದೂ ಇಲ್ಲದಿರಬಹುದು. ಕಣ್ಣಳತೆಯಲ್ಲಿ ಇದು ಗೊತ್ತಾಗುವುದೇ ಇಲ್ಲ.

ಔಷಧಿ ಹಾಕಿ 14 ದಿನಕ್ಕೆ ಅದೇ ಕುದುರೆಯ ಲದ್ದಿ ಮತ್ತೊಮ್ಮೆ ನೋಡಿಸಬೇಕು. ಸಾವಿರ ಇದ್ದದ್ದು ಸೊನ್ನೆಯ ಹತ್ತಿರ ಬರಬೇಕು. 300 ಉಳಿದಿದ್ದರೆ ಒಂದೋ ಔಷಧಿ ನಡೆಯುತ್ತಿಲ್ಲ, ಇಲ್ಲವೇ ಕಡಿಮೆ ಹಾಕಿದ್ದೇವೆ. ಕಡಿಮೆ ಹಾಕುವುದು ಬಹಳ ಕಡೆ ನಡೆಯುತ್ತದೆ, ಯಾಕೆಂದರೆ ತೂಕವನ್ನು ಕಣ್ಣಲ್ಲೇ ಅಂದಾಜು ಮಾಡುತ್ತಾರೆ. ಒಂದು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕಿಲೋ. ಮರಿಗಳಿಗೆ ಈ ಲೆಕ್ಕ ಸರಿಹೋಗುವುದಿಲ್ಲ.

ಹಾಗಂತ ಈ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಲಾಡಿಹುಳು ಇದ್ದರೂ ಮೊಟ್ಟೆ ಕಾಣದೆ ಹೋಗಬಹುದು. ಕರುಳಿನ ಗೋಡೆಯೊಳಗೆ ಗೂಡು ಕಟ್ಟಿ ತಿಂಗಳುಗಟ್ಟಲೆ ಮಲಗಿರುವ ಸಣ್ಣ ಸ್ಟ್ರಾಂಜೈಲ್ ಮರಿಗಳು ಮೊಟ್ಟೆಯನ್ನೇ ಇಡುವುದಿಲ್ಲವಾದ್ದರಿಂದ ಲದ್ದಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಇವು ಒಟ್ಟಿಗೆ ಹೊರಬಂದರೆ ವಿಪರೀತ ಭೇದಿ, ನೋಡನೋಡುತ್ತ ಇಳಿಯುವ ಮೈ. ಎಳೆ ವಯಸ್ಸಿನ ಕುದುರೆಗಳಲ್ಲಿ ಇದು ಜಾಸ್ತಿ, ಚಿಕಿತ್ಸೆ ಕೊಟ್ಟರೂ ಬಹಳಷ್ಟು ಉಳಿಯುವುದಿಲ್ಲ. ಆದ್ದರಿಂದ ವರ್ಷಕ್ಕೆ ಒಂದೆರಡು ಸಲ, ಯಾವ ಕಾಲದಲ್ಲಿ ಯಾವ ಔಷಧಿ ಅಂತ ಪಶುವೈದ್ಯರನ್ನು ಕೇಳಿಯೇ ಎಲ್ಲಕ್ಕೂ ಹಾಕಬೇಕಾಗುತ್ತದೆ. ಕುದುರೆ ಮರಿಗಳ ಲೆಕ್ಕವೂ ಬೇರೆ. ಅವುಗಳ ಹೊಟ್ಟೆಯಲ್ಲಿ ದುಂಡುಹುಳು ಗಜಿಬಿಜಿ ತುಂಬಿರುವಾಗ ಒಮ್ಮೆಲೇ ಕೊಂದರೆ ಸತ್ತ ಹುಳುಗಳೇ ಸಣ್ಣಕರುಳನ್ನು ಕಟ್ಟಿಹಾಕಿ ಮರಿಯ ಜೀವಕ್ಕೆ ಕುತ್ತು ಬರುತ್ತದೆ. ಇದು ಅಂಗಡಿಯಿಂದ ತಂದು ಹಾಕುವ ವಿಷಯವಲ್ಲ. ಡೆನ್ಮಾರ್ಕಿನಲ್ಲಿ 1999ರಿಂದ ವೈದ್ಯರ ಚೀಟಿ ಇಲ್ಲದೆ ಜಂತಿನ ಔಷಧಿ ಸಿಗುವುದಿಲ್ಲ. ಆ ಕಾನೂನು ನನಗೆ ಸರಿ ಅನಿಸುತ್ತದೆ.

ಇನ್ನು ಔಷಧಿ ಇಲ್ಲದೆ ಆಗುವ ಕೆಲಸ. ಕುದುರೆಗಳಿಗೆ ಒಂದು ಒಳ್ಳೆಯ ಅಭ್ಯಾಸ ಇದೆ, ತಾವು ಲದ್ದಿ ಹಾಕುವ ಮೂಲೆಯಲ್ಲಿ ಮೇಯುವುದಿಲ್ಲ. ನಾವೇ ಆ ಲದ್ದಿಯನ್ನು ಕೆದರಿ ಹುಲ್ಲುಗಾವಲೆಲ್ಲ ಹರಡಿ, ಮರುದಿನವೇ ಅಲ್ಲಿ ಮೇಯಲು ಬಿಡುತ್ತೇವೆ! ಬಿರುಬಿಸಿಲಿನಲ್ಲಿ ಹರಡಿ ವಾರಗಟ್ಟಲೆ ಖಾಲಿ ಬಿಟ್ಟರೆ ಹುಳುವಿನ ಮರಿಗಳು ಒಣಗಿ ಸಾಯುತ್ತವೆ, ಅದು ಸರಿ. ಇಲ್ಲದಿದ್ದರೆ ವಾರಕ್ಕೆ ಎರಡು ಸಲ ಲದ್ದಿ ಎತ್ತುವುದೇ ಒಳ್ಳೆಯದು, ಬೆಚ್ಚಗೆ ಒದ್ದೆ ಇರುವಾಗ ಒಂದು ವಾರದಲ್ಲೇ ಮೊಟ್ಟೆ ಒಡೆದು ಮರಿಗಳು ಹುಲ್ಲಿಗೆ ಹತ್ತಲು ಸಿದ್ಧವಾಗುತ್ತವೆ. ಎತ್ತಿದ್ದನ್ನು ರಾಶಿ ಹಾಕಿ ಬಿಸಿಯೇರಿ ಗೊಬ್ಬರವಾಗಲು ಬಿಡಬೇಕು. ಹಸು, ಕುರಿ ಇದ್ದವರು ಅದೇ ಜಾಗದಲ್ಲಿ ಸರದಿಯ ಮೇಲೆ ಮೇಯಿಸಬಹುದು, ಕುದುರೆಯ ಹುಳುಗಳಲ್ಲಿ ಬಹುಪಾಲು ಅವುಗಳ ಹೊಟ್ಟೆಯಲ್ಲಿ ಬದುಕುವುದಿಲ್ಲ. ಹೊಸ ಕುದುರೆ ಬಂದರೆ ಅದರ ಲದ್ದಿಯ ಫಲಿತಾಂಶ ಬರುವವರೆಗೆ ಬೇರೆಯೇ ಕಟ್ಟಬೇಕು.

ಇದರ ಜೊತೆ ಲಾಯದಲ್ಲಿ ನಾಯಿ ಇರುವವರಿಗೆ ಒಂದು ಮಾತು. ಕುದುರೆ ಉಗುಳಿದ ಐವರ್‌ಮೆಕ್ಟಿನ್ ಪೇಸ್ಟ್ ನೆಕ್ಕಿ ನಾಯಿಗಳು ಸತ್ತದ್ದಿದೆ, ಕೋಲಿ ಜಾತಿಯ ನಾಯಿಗಳಿಗಂತೂ ಸ್ವಲ್ಪ ಹೋದರೂ ವಿಷ. ಔಷಧಿ ಹಾಕುವಾಗ ನಾಯಿಯನ್ನು ಕಟ್ಟಿಹಾಕಿ, ಚೆಲ್ಲಿದ್ದನ್ನು ಒರೆಸಿ.

ನಿಮ್ಮ ಪತ್ರಿಕೆಗೆ ಬರೆಯುವ ಪಶುವೈದ್ಯರಲ್ಲಿ ಯಾರಾದರೂ ಲದ್ದಿ ಪರೀಕ್ಷೆ ಬಗ್ಗೆ ಚಿತ್ರ ಸಮೇತ ಒಂದು ಪೂರ್ತಿ ಲೇಖನ ಬರೆದರೆ ಚೆನ್ನ. ಅಷ್ಟರವರೆಗೆ ಆ ಹಳೇ ಸಾಲಿನ ಪಕ್ಕ "ಮೊದಲು ಲದ್ದಿ ಪರೀಕ್ಷೆ ಮಾಡಿಸಿ" ಅಂತಾದರೂ ಸೇರಿಸಿ.

— ಕುದುರೆ ಸಾಕುವ ಒಬ್ಬ ಓದುಗ