ಅದು ಗಲ್ ಅಲ್ಲ, ಕಾಲೂ ಮುರಿದಿಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ವೇಲ್ಸ್‌ನ ಸ್ಕೋಮರ್ ದ್ವೀಪದ ಹಕ್ಕಿಯೊಂದರ ಫೋಟೊ ಹಾಕಿ, ಕೆಳಗೆ ‘ಕಾಲು ಮುರಿದ ಗಲ್’ ಅಂತ ಬರೆದಿದ್ದೀರಿ. ನಾಲ್ಕೈದು ಸಲ ನೋಡಿದೆ. ಅದು ಗಲ್ (ಕಡಲತೀರದ ಸೀಗಲ್ ಹಕ್ಕಿ) ಅಲ್ಲ, ಮ್ಯಾಂಕ್ಸ್ ಶಿಯರ್‌ವಾಟರ್ ಅನ್ನುವ ಬೇರೆಯದೇ ಕಡಲಹಕ್ಕಿ.

ಕೊಕ್ಕಿನ ಬುಡ ನೋಡಿ. ಮೇಲುಗಡೆ ಎರಡು ಪುಟ್ಟ ಕೊಳವೆಗಳಿವೆ ಅಲ್ವಾ? ಅವೇ ಮೂಗಿನ ಹೊಳ್ಳೆಗಳು, ಗಲ್‌ಗೆ ಆ ಕೊಳವೆ ಇರುವುದಿಲ್ಲ. ಕೊಕ್ಕು ತೆಳ್ಳಗೆ, ತುದಿ ಕೊಕ್ಕೆಯ ಹಾಗೆ ಬಾಗಿದೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಹಾರುವಾಗಲಂತೂ ತಪ್ಪಾಗುವುದೇ ಇಲ್ಲ. ನಾಲ್ಕು ಸಲ ಪಟಪಟ ರೆಕ್ಕೆ ಬಡಿದು, ಆಮೇಲೆ ರೆಕ್ಕೆ ಬಿಗಿಯಾಗಿ ಚಾಚಿ, ಅಲೆಗೆ ತಾಗಿತೇನೋ ಅನ್ನುವಷ್ಟು ಕೆಳಗೆ ತೇಲಿಕೊಂಡು ಹೋಗುತ್ತದೆ, ಆ ಕಡೆ ವಾಲಿದರೆ ಕಪ್ಪು, ಈ ಕಡೆ ವಾಲಿದರೆ ಬಿಳಿ.

ಇನ್ನು ಕಾಲಿನ ವಿಷಯ. ಇದರ ಕಾಲುಗಳಿರುವುದು ಮೈಯ ತೀರಾ ಹಿಂಭಾಗದಲ್ಲಿ. ನೀರಿನಲ್ಲಿ ಮುಳುಗಿ ಈಜಲು ಅದು ಬಹಳ ಅನುಕೂಲ, ನೆಲದ ಮೇಲೆ ಮಾತ್ರ ಎದೆಯೂರಿ ತೆವಳಬೇಕು. ಫೋಟೊದಲ್ಲಿರುವುದು ಅದೇ ಭಂಗಿ.

ನೆಲದ ಮೇಲೆ ಹೀಗೆ ನಿಧಾನವಾದ್ದರಿಂದಲೇ ಗೂಡಿಗೆ ರಾತ್ರಿ ಮಾತ್ರ ಬರುತ್ತದೆ, ಅದೂ ಬೆಳದಿಂಗಳಿಲ್ಲದ ಕತ್ತಲಲ್ಲಿ ಜಾಸ್ತಿ. ಹಗಲು ಬಂದರೆ ದೊಡ್ಡ ಗಲ್‌ಗಳು ಕೊಂದು ತಿನ್ನುತ್ತವೆ. ತಿನ್ನುವ ಹಕ್ಕಿಯ ಹೆಸರನ್ನೇ ಇದಕ್ಕೆ ಇಟ್ಟಿರಲ್ಲ, ಅದಕ್ಕೇ ನನಗೆ ಅಷ್ಟು ಬೇಜಾರಾಗಿದ್ದು.

ಇದರ ಗೂಡು ಅಂದರೆ ನೆಲದೊಳಗಿನ ಬಿಲ. ಅದರಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು 50 ದಿನ ಕಾವು ಕೊಡುತ್ತವೆ. ಮರಿ ಚೆನ್ನಾಗಿ ಕೊಬ್ಬಿದ ಮೇಲೆ ಅಪ್ಪ ಅಮ್ಮ ಅದನ್ನು ಬಿಟ್ಟು ಹೊರಟುಬಿಡುತ್ತವೆ. ಕೆಲವು ದಿನ ಕಳೆದು ಮರಿಯೂ ಒಂದು ರಾತ್ರಿ ಬಿಲದಿಂದ ಹೊರಬಿದ್ದು, ದಾರಿ ತೋರಿಸುವವರು ಯಾರೂ ಇಲ್ಲದೆ, ಅಟ್ಲಾಂಟಿಕ್ ದಾಟಿ ಅರ್ಜೆಂಟೀನಾದ ಕಡಲಿಗೆ ಹೋಗುತ್ತದೆ. ಬೆಳೆದ ಹಕ್ಕಿಗೂ ತೂಕ 400 ಗ್ರಾಂ ಆಸುಪಾಸು, ಅಷ್ಟೆ!

1952ರಲ್ಲಿ ಪಕ್ಕದ ಸ್ಕೋಖೋಮ್ ದ್ವೀಪದ ಒಂದು ಹಕ್ಕಿಯನ್ನು ವಿಮಾನದಲ್ಲಿ ಅಮೆರಿಕದ ಬಾಸ್ಟನ್‌ಗೆ ಒಯ್ದು ಬಿಟ್ಟಿದ್ದರು. ಹನ್ನೆರಡೂವರೆ ದಿನದಲ್ಲಿ ಅದು ತನ್ನ ಬಿಲಕ್ಕೇ ವಾಪಸ್ ಬಂತು. ‘ಹಕ್ಕಿಯನ್ನು ಬಿಟ್ಟಿದ್ದೇವೆ’ ಅಂತ ಅಲ್ಲಿಂದ ಹಾಕಿದ ಕಾಗದ ತಲುಪಿದ್ದು ಅದು ಬಂದ ಮೇಲೆ.

ಮರಿಗಳು ಮೊದಲ ಸಲ ಹಾರುವ ದಿನಗಳಲ್ಲಿ ಊರಿನ ದೀಪಗಳಿಗೆ ದಿಕ್ಕುತಪ್ಪಿ ರಸ್ತೆಗೆ ಬೀಳುವುದುಂಟು. ಆಗ ನೋಡಿದವರು ಇದೇ ರೀತಿ ಕಾಲು ಮುರಿದಿದೆ ಅಂದುಕೊಳ್ಳುತ್ತಾರೆ. ಬಹಳಷ್ಟು ಮರಿಗಳಿಗೆ ಬೇಕಾಗಿರುವುದು ಕತ್ತಲಾದ ಮೇಲೆ ಸಮುದ್ರದ ದಾರಿ ಮಾತ್ರ.

ದಯವಿಟ್ಟು ಮುಂದಿನ ವಾರ ತಿದ್ದುಪಡಿ ಹಾಕಿ. ಪಕ್ಕದಲ್ಲೇ ಒಂದು ಗಲ್ ಫೋಟೊ ಇಟ್ಟರೆ ಕೊಕ್ಕಿನ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ.

— ನಿಮ್ಮ ಓದುಗ